ಆರು ಟವರಿಗೆ ಒಂದೇ ಬ್ಯಾಟರಿ

ಸೆಪ್ಟೆಂಬರ್ ಹೊತ್ತಿಗೆ ಊಟಕ್ಕೆ ಕೂತಾಗ ಎಫ್ರಾಯಿನನ ಕೈ ನಡುಗಲು ಶುರುವಾಗಿತ್ತು. ಆಲೂಗಡ್ಡೆ ಸಾರು ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚಮಚ ಮೇಜಿನ ಮೇಲೆ ಚೆಲ್ಲಿರುತ್ತಿತ್ತು. ಹೆಂಡತಿ ನಾರ್ಸಿಸಾ ಕಂಡೂ ಕಾಣದವಳಂತೆ ಒಂದು ಬಟ್ಟೆ ಚೂರನ್ನು ಅವನ ಬಟ್ಟಲಿನ ಪಕ್ಕ ಇಡುವುದನ್ನು ರೂಢಿ ಮಾಡಿಕೊಂಡಳು. ಅವಳ ಅತ್ತೆ, ಎಫ್ರಾಯಿನನ ತಾಯಿ ತಾರ್ಹೆಲಿಯಾ ಮಾತ್ರ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ.

“ಒಂದು ಚಮಚ ನೆಟ್ಟಗೆ ಹಿಡಿಯೋಕಾಗ್ದೋನು ಅರವತ್ತು ಮೀಟರ್ ಮೇಲೆ ಅದೇನು ಹಿಡ್ಕೊಂಡು ನಿಲ್ತಾನೋ,” ಎಂದಳು, ಹುರಿದ ಜೋಳ ಅಗಿಯುತ್ತ.

“ಮೇಲೆ ನಡುಗಲ್ಲಮ್ಮ. ಇಳಿದ ಮೇಲೇ ನಡುಗೋದು.”

ಸಮಾಧಾನಕ್ಕೆಂದು ಅವನು ಹೇಳಿದ ಮಾತಿನಿಂದ ನಾರ್ಸಿಸಾಳ ದಿಗಿಲು ಇನ್ನೂ ಹೆಚ್ಚಿತು.

ಎಫ್ರಾಯಿನ್ ಮೊಬೈಲ್ ಟವರ್ ಹತ್ತುವವನು. ಕಂಪನಿಯ ನೌಕರನಲ್ಲ, ಕಂಪನಿಯಿಂದ ಕೆಲಸ ಹಿಡಿಯುವ ಗುತ್ತಿಗೆದಾರನ ಆಳು. ಅವನೂ ಒಲ್ಮೆದೊ ಎಂಬುವನೂ ಹದಿನಾಲ್ಕು ವರ್ಷದಿಂದ ಒಂದೇ ಪಿಕಪ್ ಗಾಡಿಯಲ್ಲಿ ಹೋಗಿ ಬರುವ ಜೊತೆಗಾರರು. ಎಫ್ರಾಯಿನನ ಮಗಳು ಅನಾಹಿಯ ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದು ಜ್ಞಾನಪಿತನಾದವನು ಒಲ್ಮೆದೊನೇ. ಆವತ್ತಿನಿಂದ ಎರಡು ಮನೆಯ ಹಿರಿಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ. ಗಂಡಸರು ಕೊಂಪಾದ್ರೆ, ಹೆಂಗಸರು ಕೊಮಾದ್ರೆ. ಆ ಕಡೆಯಲ್ಲಿ ಇದು ರಕ್ತಸಂಬಂಧಕ್ಕೆ ಕಡಿಮೆಯದಲ್ಲ.

ಮೊದಲೆಲ್ಲ ಒಂದು ಟವರಿನ ಆಂಟೆನಾಗಳನ್ನು ಬದಲಿಸಲು ಅವರಿಗೆ ನಾಲ್ಕು ದಿನ ಕೊಡುತ್ತಿದ್ದರು. ಆ ವರ್ಷ ಕಂಪನಿಯವರು ಡಿಸೆಂಬರ್ ಮುಗಿಯುವುದರೊಳಗೆ ಇಡೀ ಪ್ರಾಂತ್ಯಕ್ಕೆ ಹೊಸ ನೆಟ್‌ವರ್ಕ್ ಕೊಡುತ್ತೇವೆಂದು ಪೇಪರಿನಲ್ಲಿ ದೊಡ್ಡದಾಗಿ ಹಾಕಿಸಿಬಿಟ್ಟರು. ಆಗಸ್ಟಿನಲ್ಲಿ ನಾಲ್ಕು ದಿನ ಎರಡಾಯಿತು. ಸೆಪ್ಟೆಂಬರಿನಲ್ಲಿ ಒಂದು. ಬೆಳಗಿನ ಕಾಫಿಗೆ ಕೂತರೆ ಸಾಕು, ಕಂಪನಿಯ ಇಂಜಿನಿಯರ್ ವಾಸ್ಕೊನೆಸನ ಫೋನು ಬರುತ್ತಿತ್ತು. ಪಕ್ಕದ ಪ್ರಾಂತ್ಯದವರು ಎಷ್ಟು ಮುಗಿಸಿದರು, ನೀವು ಎಷ್ಟು ಹಿಂದಿದ್ದೀರಿ ಎಂಬುದೇ ಮಾತು. ಎಫ್ರಾಯಿನ್ ಹೂಂ ಇಂಜಿನಿಯರೇ, ಆಗಲಿ ಇಂಜಿನಿಯರೇ ಎನ್ನುತ್ತ ಬ್ರೆಡ್ಡನ್ನು ಅಲ್ಲೇ ಬಿಟ್ಟು ಎದ್ದುಹೋಗುತ್ತಿದ್ದ.

ಅವರದು ಯಾನಾಯಾಕು ಕಮರಿಯ ಅಂಚಿನ ಊರು. ನೆತ್ತಿಯ ಮೇಲೆ ಜ್ವಾಲಾಮುಖಿ ಬೆಟ್ಟ. ಜುಲೈನಿಂದ ಬೆಟ್ಟ ಬೂದಿ ಉಗುಳುತ್ತಿತ್ತು. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಹಸುಗಳಿಗೆ ಹುಲ್ಲು ಹಾಕುವ ಮುಂಚೆ ತಾರ್ಹೆಲಿಯಾ ಅದನ್ನು ಕೊಡವಿ ಕೊಡವಿ ಹಾಕುತ್ತಿದ್ದಳು. ಮೇಲೆ ಬೂದಿ ರಾಶಿ ಬಿದ್ದಿರುವಾಗ ಒಂದು ಜೋರು ಮಳೆ ಬಂದರೆ ಅದೆಲ್ಲ ಕೆಸರಾಗಿ, ಬಂಡೆಗಳನ್ನು ಹೊತ್ತುಕೊಂಡು ಕಮರಿಗಳಲ್ಲಿ ಇಳಿಯುತ್ತದೆ. ಲಾತಾಕುಂಗಾದ ವಿಪತ್ತು ಕಚೇರಿಯವರು ಬೆಟ್ಟಕ್ಕೆ ಕ್ಯಾಮೆರಾ ಹಾಕಿಕೊಂಡು ಕಾಯುತ್ತಿದ್ದರು. ಅವರಿಂದ ಫೋನಿಗೆ ಮೆಸೇಜು ಬಂದ ಮೇಲೆ ಊರಿನವರಿಗೆ ಇರುವ ಸಮಯ ಇಪ್ಪತ್ತೈದು ನಿಮಿಷ ಎಂದು ಹೇಳಿದ್ದರು. ಶಾಲೆಯ ಹಿಂದಿನ ಗುಡ್ಡ ಹತ್ತಲು ಅಷ್ಟು ಸಾಕು.

ಇದರ ಮೇಲೆ ಕರೆಂಟಿನ ಕಾಟ. ಅಣೆಕಟ್ಟುಗಳು ಬತ್ತಿ ದಿನಕ್ಕೆ ಎಂಟು ಗಂಟೆ ಕರೆಂಟು ತೆಗೆಯುತ್ತಿದ್ದರು. ಕರೆಂಟು ಹೋದಾಗ ಟವರು ಬ್ಯಾಟರಿಯ ಮೇಲೆ ನಿಲ್ಲಬೇಕು. ಇದು ಎಫ್ರಾಯಿನನ ಮನೆಯವರಿಗೆಲ್ಲ ಗೊತ್ತಿದ್ದ ವಿಷಯವೇ. ಹೊಸ ಆಂಟೆನಾದ ಜೊತೆ ಹೊಸ ಬ್ಯಾಟರಿಯೂ ಬರುತ್ತದೆ ಎಂದು ನಂಬಿಕೊಂಡಿದ್ದರು.

ಅಕ್ಟೋಬರಿನ ಮೊದಲ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ನಾರ್ಸಿಸಾ ಅವರೆಯಂಥ ದಪ್ಪ ಕಾಳಿನ ಸಿಪ್ಪೆ ಸುಲಿಯುತ್ತ ಕೂತಿದ್ದಳು. ಹದಿಮೂರು ವರ್ಷದ ಅನಾಹಿ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅಪ್ಪನ ಫೋನು ಹಿಡಿದುಕೊಂಡಿದ್ದಳು. ಪ್ರತಿ ಟವರಿನ ಫೋಟೋಗಳನ್ನು ಕಂಪನಿಯ ಫಾರಮ್ಮಿಗೆ ಏರಿಸುವುದು ಎಫ್ರಾಯಿನನಿಗೆ ತಲೆನೋವು. ಆ ಕೆಲಸ ವಾರಕ್ಕೊಮ್ಮೆ ಮಗಳು ಮಾಡಿಕೊಡುತ್ತಿದ್ದಳು.

“ಅಪ್ಪ, ಬ್ಯಾಟರಿ ಫೋಟೋ ಒಂದನ್ನೇ ಎರಡು ಸಲ ಹಾಕಿದ್ದೀಯ.”

“ಬೇರೆ ಬೇರೆ ಟವರಮ್ಮ ಅವು. ಹಾಕು ಸುಮ್ನೆ.”

“ಬೇರೆ ಅಲ್ಲ. ನೋಡಿಲ್ಲಿ, ಈ ಮೂಲೇಲಿ ಗೀರಿದೆಯಲ್ಲ, ಎಲ್ಲಾದರಲ್ಲೂ ಅದೇ ಗೀರು.”

ಎಫ್ರಾಯಿನ್ ಅವಳ ಕೈಯಿಂದ ಫೋನನ್ನು ಕಿತ್ತುಕೊಂಡ. ಮಗಳ ಕೈಯಿಂದ ಅವನು ಏನನ್ನೂ ಹಾಗೆ ಕಿತ್ತುಕೊಂಡವನಲ್ಲ. ನಾರ್ಸಿಸಾ ಕಾಳಿನ ಬುಟ್ಟಿ ಕೆಳಗಿಟ್ಟು ಎದ್ದು ಹೊರಗೆ ಹೋದಳು. ಅಂಗಳದಲ್ಲಿ ನಿಂತಿದ್ದ ಪಿಕಪ್ಪಿನ ತಾಡಪಾಲು ಎತ್ತಿ ನೋಡಿದಳು. ನಾಲ್ಕು ಹೊಸ ಬ್ಯಾಟರಿಗಳು ಹಗ್ಗ ಬಿಗಿದುಕೊಂಡು ಕೂತಿದ್ದವು. ಒಂದರ ಮೂಲೆಯಲ್ಲಿ ಮೊಳೆಯಿಂದ ಎಳೆದಂಥ ಗೀರು.

ಹಿಂದೆಯೇ ಬಂದ ಗಂಡನನ್ನು ಅವಳು ಕೇಳಿದಳು: “ಯಾವ ಟವರಿಂದು ಇದು?”

“ಎಲ್ಲಾದ್ದೂ.”

ಆಮೇಲೆ ಅವನು ತಲೆ ತಗ್ಗಿಸಿಕೊಂಡು ಒಂದೊಂದೇ ಹೇಳಿದ. ಕಂಪನಿಯಲ್ಲಿ ಆಂಟೆನಾಗೆ ದುಡ್ಡು ಹರಿಯುತ್ತಿದೆ, ಏಕೆಂದರೆ ನೆಟ್‌ವರ್ಕಿನ ವೇಗವನ್ನು ಜನ ಅಳೆಯುತ್ತಾರೆ, ಪೇಪರಿನಲ್ಲಿ ಬರುತ್ತದೆ. ಪೆಟ್ಟಿಗೆಯ ಒಳಗಿನ ಬ್ಯಾಟರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಖರ್ಚನ್ನು ಮುಂದಿನ ವರ್ಷಕ್ಕೆ ತಳ್ಳಿದ್ದಾರೆ. ಆದರೆ ಬ್ಯಾಟರಿಯಿಲ್ಲದೆ ಟವರು ಮುಗಿಯಿತೆಂದು ಬರೆಯುವ ಹಾಗಿಲ್ಲ. ಅದಕ್ಕೆ ಇಂಜಿನಿಯರ್ ವಾಸ್ಕೊನೆಸ್ ಒಂದು ಸೆಟ್ ಕೊಟ್ಟಿದ್ದಾನೆ. ಒಂದು ಟವರಿನ ಪೆಟ್ಟಿಗೆಯಲ್ಲಿ ಇಡುವುದು, ಫೋಟೋ ತೆಗೆಯುವುದು, ಸಹಿ ಹಾಕುವುದು, ಹೊರಗೆ ತೆಗೆದು ಮುಂದಿನ ಟವರಿಗೆ ಒಯ್ಯುವುದು. ಆರು ಟವರು ಹೀಗೇ ಮುಗಿದಿವೆ.

“ಸಹಿ ಯಾರದು?”

“ನಂದು.”

“ನಮ್ಮ ಗುಡ್ಡದ ಟವರು?”

ಅವನು ಹಗ್ಗದ ಗಂಟನ್ನು ಸುಮ್ಮನೆ ಬಿಗಿ ಮಾಡಿದ.

“ಎಫ್ರಾಯಿನ್, ನಮ್ಮದರಲ್ಲೂ ಇಲ್ವಾ?”

“ಹಳೇದೇ ಇದೆ. ಜನವರೀಲಿ ಹೊಸದು ಬರುತ್ತೆ ಅಂದಿದ್ದಾರೆ.”

ಮಾರನೆಯ ದಿನ ನಾರ್ಸಿಸಾ ಕೆಲಸದಲ್ಲಿದ್ದಳು. ಊರಿನ ಕೆಳಗಿನ ಗುಲಾಬಿ ತೋಟದ ಶೆಡ್ಡಿನಲ್ಲಿ ಹೂವಿನ ಮುಳ್ಳು ಸವರಿ ಕಟ್ಟು ಕಟ್ಟುವ ಕೆಲಸ. ಎರಡು ಗಂಟೆಗೆ ಕರೆಂಟು ಹೋಯಿತು. ಶೆಡ್ಡಿನ ಜನರೇಟರು ಗುರುಗುಟ್ಟಿತು. ಅವಳು ಕೈಗವಸು ತೆಗೆದು, ಫೋನನ್ನು ಹೂವಿನ ಡಬ್ಬಿಗೆ ಒರಗಿಸಿ, ಸಿಗ್ನಲಿನ ಗೀಟುಗಳನ್ನೇ ನೋಡುತ್ತ ಕೆಲಸ ಮಾಡಿದಳು. ನಾಲ್ಕು ಗೀಟು. ನಾಲ್ಕೇ ಇದ್ದವು. ಎರಡು ಗಂಟೆ ಒಂಬತ್ತು ನಿಮಿಷಕ್ಕೆ ಒಂದೂ ಇರಲಿಲ್ಲ. ಆ ಹೊತ್ತಿನಲ್ಲಿ ಅತ್ತೆ ಕಮರಿಯ ಅಂಚಿನ ಹುಲ್ಲುಗಾವಲಿನಲ್ಲಿ ಹಾಲು ಕರೆಯುತ್ತಿರುತ್ತಾಳೆ, ಸೊಂಟಕ್ಕೆ ಬಟನ್ ಫೋನು ಕಟ್ಟಿಕೊಂಡು. ಶೆಡ್ಡಿನ ಬಾಗಿಲಿನಿಂದ ಬೆಟ್ಟ ಕಾಣುತ್ತಿರಲಿಲ್ಲ, ಬರೀ ಬೂದು ಮೋಡ ಕಾಣುತ್ತಿತ್ತು. ನಾರ್ಸಿಸಾಗೆ ಆವತ್ತು ಕೈಗೆ ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ. ಪಕ್ಕದವಳು ರಕ್ತ ನೋಡಿ ಹೇಳಬೇಕಾಯಿತು.

ಸಂಜೆ ಹಿತ್ತಲಿನಲ್ಲಿ ಗಿನಿಹಂದಿಗಳಿಗೆ ಹುಲ್ಲು ಹಾಕುತ್ತಿದ್ದ ಗಂಡನ ಬಳಿ ಹೋಗಿ ನಿಂತಳು.

“ಆ ಸೆಟ್ಟು ಈಗ ಎಲ್ಲಿಗೆ ಹೋಗುತ್ತೆ?”

“ನಾಳೆ ಗೋದಾಮಿಗೆ.”

“ಹೋಗಬಾರದು. ನಮ್ಮ ಟವರಿನಲ್ಲಿಡು.”

ಅವನು ಅವಳ ಮುಖ ನೋಡಿದ. ಇಂಜಿನಿಯರನಿಗೆ ಏನು ಹೇಳಲಿ ಎಂದು ಕೇಳಿದ. ಕಳವಾಯಿತು ಅನ್ನು ಎಂದಳು. ಕರೆಂಟಿಲ್ಲದ ಆ ವರ್ಷ ಲಾತಾಕುಂಗಾದ ಬೀದಿಯಲ್ಲಿ ನಿಲ್ಲಿಸಿದ ಗಾಡಿಗಳಿಂದ ಬ್ಯಾಟರಿ ಕದಿಯುವುದು ದಿನನಿತ್ಯದ ಸುದ್ದಿಯಾಗಿತ್ತು. ಪೊಲೀಸರಿಗೆ ದೂರು ಕೊಡಲು ವಾಸ್ಕೊನೆಸನಿಗೂ ಬಾಯಿಲ್ಲ. ಕಾಗದದ ಮೇಲೆ ಆ ಬ್ಯಾಟರಿಗಳು ಆಗಲೇ ಆರು ಟವರುಗಳಲ್ಲಿ ಕೂತಿದ್ದವು.

“ಒಲ್ಮೆದೊ ಇದ್ದಾನಲ್ಲ,” ಎಂದ ಎಫ್ರಾಯಿನ್. “ಅವನ ಮನೆ ಪುಕಾವಾಯ್ಕು ಕಮರೀಲಿ. ವಯಸ್ಸಾದ ಮಾವ ಇದ್ದಾನೆ. ಗೊತ್ತಾದ್ರೆ ತಮ್ಮ ಟವರಿಗೆ ಇಡೋಣ ಅಂತಾನೆ. ತಪ್ಪೇನಿದೆ?”

“ಅದಕ್ಕೇ ಗೊತ್ತಾಗಬಾರದು.”

“ನಾರ್ಸಿ, ಅವನು ನಮ್ಮ ಕೊಂಪಾದ್ರೆ.”

“ನಿಮ್ಮಮ್ಮ ದಿನಾ ಎರಡು ಹೊತ್ತು ಆ ಕಮರೀಲಿರ್ತಾರೆ. ಮಗಳ ಶಾಲೆ ದಾರೀನೂ ಅದೇ. ಒಲ್ಮೆದೊಗೆ ಹೇಳಬೇಡ.”

ಅವನು ಹೇಳಲಿಲ್ಲ. ಮಂಗಳವಾರ ಮಧ್ಯಾಹ್ನ ಒಬ್ಬನೇ ಗುಡ್ಡಕ್ಕೆ ಹೋಗಿ ಬ್ಯಾಟರಿಗಳನ್ನು ಕೂರಿಸಿ ಬಂದ. ಆಮೇಲೆ ಪಿಕಪ್ಪಿನ ಹಗ್ಗ ಕೊಯ್ದು, ಮಾರುಕಟ್ಟೆಯ ಹತ್ತಿರ ನಿಲ್ಲಿಸಿ ಬ್ರೆಡ್ಡು ತರಲು ಹೋದಾಗ ಕದ್ದರು ಎಂದ. ವಾಸ್ಕೊನೆಸ್ ಫೋನಿನಲ್ಲಿ ಕೂಗಾಡಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಸಂಬಳದಲ್ಲಿ ಹಿಡಿಸುತ್ತೇನೆಂದ. ಅದೇ ಸಂಜೆ ಒಲ್ಮೆದೊ ಮನೆಗೆ ಬಂದ. ಕುರ್ಚಿ ಎಳೆದುಕೊಂಡು ಕೂತು, ಗಾಡಿ ಇಬ್ಬರ ಕೈಯಲ್ಲೂ ಇರೋದು ಅಂದಮೇಲೆ ದಂಡವೂ ಇಬ್ಬರದೇ, ಅರ್ಧ ನನ್ನ ಸಂಬಳದಲ್ಲಿ ಹಿಡಿಯಲಿ ಎಂದ. ಎಫ್ರಾಯಿನ್ ಬೇಡ ಬೇಡವೆಂದರೂ ಕೇಳಲಿಲ್ಲ. ನಾರ್ಸಿಸಾ ಅವನಿಗೆ ಸಾರು ಬಡಿಸಿದಳು. ಅವನು ಎರಡನೇ ಸಲ ಕೇಳಿ ಹಾಕಿಸಿಕೊಂಡ.

ಆಮೇಲಿನ ದಿನಗಳಲ್ಲಿ ಕರೆಂಟು ಹೋದರೂ ಯಾನಾಯಾಕುವಿನಲ್ಲಿ ಸಿಗ್ನಲ್ ಹೋಗಲಿಲ್ಲ. ಇಡೀ ಮಧ್ಯಾಹ್ನ ನಾಲ್ಕು ಗೀಟು ನಿಂತೇ ಇರುತ್ತಿದ್ದವು. ಊರಿನವರು ಹೊಸ ನೆಟ್‌ವರ್ಕನ್ನು ಹೊಗಳಿದರು. ನಾರ್ಸಿಸಾಗೆ ನಿದ್ದೆ ಬರಬೇಕಾಗಿತ್ತು; ಬರಲಿಲ್ಲ. ಮೊದಲು ಒಂದೇ ಹೆದರಿಕೆಯಿತ್ತು, ಈಗ ಇನ್ನೊಂದು ಸೇರಿಕೊಂಡಿತು. ಎಲ್ವಿಯಾಳ ಹೆಸರು ಫೋನಿನಲ್ಲಿ ಕಂಡರೆ ಎತ್ತಲು ಹಿಂದೆಮುಂದೆ ನೋಡುತ್ತಿದ್ದಳು. ಎಲ್ವಿಯಾ ಎಂದರೆ ಒಲ್ಮೆದೊನ ಹೆಂಡತಿ, ಅವಳ ಕೊಮಾದ್ರೆ.

ನವೆಂಬರ್ ಎರಡು, ಸತ್ತವರ ಹಬ್ಬ. ಎರಡೂ ಮನೆಯವರು ಸಮಾಧಿಗಳನ್ನು ತೊಳೆದು, ಹೂವಿಟ್ಟು, ನಾರ್ಸಿಸಾಳ ಮನೆಗೆ ಊಟಕ್ಕೆ ಬಂದರು. ಎಲ್ವಿಯಾ ಕಾಡುಹಣ್ಣುಗಳ ನೇರಳೆ ಗಂಜಿಯ ದೊಡ್ಡ ಪಾತ್ರೆ ಹೊತ್ತು ತಂದಿದ್ದಳು. ಅವಳ ಅಪ್ಪ ದೊನ್ ಲಿಯೋನಿದಾಸ್, ಎಪ್ಪತ್ತರ ಮುದುಕ, ಬೊಂಬೆಯ ಆಕಾರದ ಬ್ರೆಡ್ಡನ್ನು ಗಂಜಿಯಲ್ಲಿ ಅದ್ದಿ ಮೊದಲು ತಲೆ ತಿನ್ನುತ್ತಿದ್ದ. ಯಾರ ತಲೆ ಅದು ಎಂದು ತಾರ್ಹೆಲಿಯಾ ಕೇಳಿದ್ದಕ್ಕೆ, ಅಳಿಯನ ಇಂಜಿನಿಯರಿಂದು ಎಂದ. ಎಲ್ಲರೂ ನಕ್ಕರು. ಮುದುಕನ ಕತ್ತಿನಲ್ಲಿ ಒಂದು ಹೊಸ ಫೋನು ದಾರದಲ್ಲಿ ನೇತಾಡುತ್ತಿತ್ತು.

“ಅಪ್ಪಂಗೆ ಈಗ ಹೆದರಿಕೆ ಇಲ್ಲ ಕೊಮಾದ್ರೆ,” ಎಂದಳು ಎಲ್ವಿಯಾ. “ಮೊದಲು ಮೋಡ ಕಂಡ್ರೆ ಸಾಕು, ಹಂದಿ ಹೊಡ್ಕೊಂಡು ಗುಡ್ಡ ಹತ್ತೋನು. ವಾರಕ್ಕೆ ಮೂರು ಸಲ. ಮಂಡಿ ಹೋಯ್ತು ಅವನದು. ಈಗ ಹೇಳಿದ್ದೀನಿ, ಮೆಸೇಜು ಬಂದ್ರೆ ಹತ್ತು, ಬರದಿದ್ರೆ ಆರಾಮಾಗಿ ಮನೇಲಿರು ಅಂತ.”

ನಾರ್ಸಿಸಾ ಗಂಡನತ್ತ ನೋಡಿದಳು. ಅವನು ಗಂಜಿಯ ಬಟ್ಟಲು ನೋಡುತ್ತಿದ್ದ. ಅವಳು ಬಾಯಿ ತೆರೆದಳು. ಇನ್ನಷ್ಟು ಬ್ರೆಡ್ ತರಲೇ ಎಂದು ಕೇಳಿದಳು.

ಹನ್ನೊಂದು ದಿನದ ಮೇಲೆ, ಬುಧವಾರ, ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಶೆಡ್ಡಿನಲ್ಲಿದ್ದ ಅರವತ್ತು ಹೆಂಗಸರ ಫೋನುಗಳು ಒಟ್ಟಿಗೆ ಕೂಗಿಕೊಂಡವು. ಮೇಲೆ ಮಳೆ, ಯಾನಾಯಾಕು ಮತ್ತು ಪುಕಾವಾಯ್ಕು ಕಮರಿಗಳಲ್ಲಿ ಕೆಸರು ಇಳಿಯುತ್ತಿದೆ, ಕೂಡಲೇ ಎತ್ತರಕ್ಕೆ ಹೋಗಿ. ಶೆಡ್ಡಿನ ಸುತ್ತ ಒಂದು ಹನಿಯೂ ಬಿದ್ದಿರಲಿಲ್ಲ. ಕರೆಂಟು ಹೋಗಿ ಒಂದು ಗಂಟೆಯ ಮೇಲಾಗಿತ್ತು.

ನಾರ್ಸಿಸಾ ಓಡುತ್ತಲೇ ಅತ್ತೆಗೆ ಫೋನು ಹಚ್ಚಿದಳು. ಅನಾಹಿ ಆ ಹೊತ್ತಿಗೆ ಶಾಲೆಯಲ್ಲಿ, ಎತ್ತರದಲ್ಲಿರುತ್ತಾಳೆ; ಅತ್ತೆ ಕಮರಿಯಲ್ಲಿ. ಆ ಕಡೆ ರಿಂಗಾಯಿತು. ಐದು ಸಲ, ಆರು ಸಲ.

“ಏನೇ ನಾರ್ಸಿ? ಹಾಲು ಕರೀತಿದ್ದೀನಿ.”

“ಅತ್ತೆ, ಬಿಟ್ಟು ಬನ್ನಿ. ಕೆಸರು ಬರ್ತಿದೆ.”

“ಇಲ್ಲಿ ಮಳೇನೇ ಇಲ್ಲ.”

“ಮೇಲಿದೆ. ಬನ್ನಿ.”

“ಕೆಂಪಿ ಹಸೂನ ಇನ್ನೂ ಅರ್ಧಾನೂ ಕರೆದಿಲ್ಲ. ಹಗ್ಗ ಬಿಚ್ಚಿ ಹೊಡ್ಕೊಂಡು ಬರ್ತೀನಿ.”

“ಹಗ್ಗ ಬಿಚ್ಚಿ ಬಿಟ್ಟುಬಿಡಿ. ಹೊಡ್ಕೊಂಡು ಬರಬೇಡಿ, ನೀವು ಬನ್ನಿ. ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಫೋನಿಡಬೇಡಿ, ಮಾತಾಡ್ತಾನೇ ಹತ್ತಿ.”

ಮುದುಕಿ ಬೈಯುತ್ತಲೇ ಹತ್ತಿದಳು. ಅವಳ ಏದುಸಿರು, ಕಲ್ಲು ಜಾರುವ ಸದ್ದು, ಹಸುವಿನ ಕೂಗು ಎಲ್ಲ ನಾರ್ಸಿಸಾಳ ಕಿವಿಯಲ್ಲಿತ್ತು. ಅವಳು ಶಾಲೆಯ ಗುಡ್ಡದ ಬುಡ ಮುಟ್ಟಿದಾಗ ಅತ್ತೆ ಎದುರಿಗೆ ಬಂದಳು, ಒಂದು ಕಾಲಿನ ಚಪ್ಪಲಿ ಇಲ್ಲದೆ. ಇಬ್ಬರೂ ಹತ್ತಿ ತಿರುಗಿ ನೋಡುವಷ್ಟರಲ್ಲಿ ನೆಲ ಗದಗದಿಸಿತು. ಕಮರಿಯಲ್ಲಿ ನೀರಿನ ಹಾಗೆ ಏನೂ ಕಾಣಲಿಲ್ಲ. ಒಂದು ಕಪ್ಪು ಗೋಡೆ ನಡೆದು ಬಂದ ಹಾಗಿತ್ತು, ಮರಗಳು ಅದರ ಮೇಲೆ ನಿಂತುಕೊಂಡೇ ಬರುತ್ತಿದ್ದವು. ಹುಲ್ಲುಗಾವಲು ಎರಡು ನಿಮಿಷದಲ್ಲಿ ಮುಚ್ಚಿಹೋಯಿತು. ತಾರ್ಹೆಲಿಯಾ ಸೊಸೆಯ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡಿದ್ದಳು.

ನಾರ್ಸಿಸಾ ಇನ್ನೊಂದು ಕೈಯಲ್ಲಿ ಎಲ್ವಿಯಾಳ ನಂಬರು ಒತ್ತುತ್ತಿದ್ದಳು. ನೀವು ಕರೆ ಮಾಡಿದ ಚಂದಾದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು ಹೆಣ್ಣು ದನಿ. ದೊನ್ ಲಿಯೋನಿದಾಸನ ನಂಬರಿಗೂ ಅದೇ ದನಿ, ಅದೇ ಮಾತು. ಹನ್ನೊಂದು ಸಲ ಒತ್ತಿದಳು. ಯಾಕೆ ಸಿಗುತ್ತಿಲ್ಲವೆಂದು ಆ ಗುಡ್ಡದ ಮೇಲೆ ನಿಂತ ಅಷ್ಟು ಜನರಲ್ಲಿ ಅವಳಿಗೊಬ್ಬಳಿಗೆ ಗೊತ್ತಿತ್ತು.

ಎಲ್ವಿಯಾ ಫೋನನ್ನು ಮನೆಯಲ್ಲೇ ಬಿಟ್ಟು, ಮಕ್ಕಳ ಜೊತೆ ಲಾತಾಕುಂಗಾಕ್ಕೆ ಬೂಟು ಕೊಳ್ಳಲು ಹೋಗಿದ್ದಳು, ಅದಕ್ಕೇ ಉಳಿದಳು. ಒಲ್ಮೆದೊ ಎಫ್ರಾಯಿನನ ಜೊತೆ ದೂರದ ಟವರಿನ ಮೇಲಿದ್ದ. ದೊನ್ ಲಿಯೋನಿದಾಸ್ ಮನೆಯಲ್ಲಿದ್ದ. ಮೂರನೇ ದಿನ ಎರಡು ಮೈಲಿ ಕೆಳಗೆ ಸಿಕ್ಕಿದ. ಫೋನು ಕತ್ತಿನಲ್ಲೇ ಇತ್ತಂತೆ.

ತಮ್ಮ ಮನೆಯಲ್ಲಿ ಕಿಟಕಿಯ ಮಟ್ಟದವರೆಗೆ ಕೆಸರು ತುಂಬಿದ್ದರಿಂದ ಒಲ್ಮೆದೊ, ಎಲ್ವಿಯಾ, ಇಬ್ಬರು ಗಂಡುಮಕ್ಕಳು ನಾರ್ಸಿಸಾಳ ಮನೆಗೇ ಬಂದರು. ಬೇರೆ ಎಲ್ಲಿಗೆ ಹೋದಾರು? ಅನಾಹಿ ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಎಂಟು ಜನಕ್ಕೆ ಅಡುಗೆ, ಎಂಟು ಜನರ ಬಟ್ಟೆ. ಎಲ್ವಿಯಾ ಸುಮ್ಮನೆ ಕೂರುವವಳಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಪಾತ್ರೆ ತೊಳೆದಳು, ಗಿನಿಹಂದಿಗಳ ಗೂಡು ಗುಡಿಸಿದಳು. ಟವರುಗಳಲ್ಲಿ ಬ್ಯಾಟರಿಯಿಲ್ಲ ಎಂದು ಒಲ್ಮೆದೊಗೂ ಗೊತ್ತಿತ್ತು. ಹೆಂಡತಿಗೆ ಅವನು ಹೇಳಿರಲಿಲ್ಲ. ಗಂಡಸರಿಬ್ಬರೂ ಅಂಗಳದಲ್ಲಿ ಬೆನ್ನು ಮಾಡಿಕೊಂಡು ಕೂತಿರುತ್ತಿದ್ದರು. ಪ್ರತಿ ಊಟಕ್ಕೆ ಕೂತಾಗಲೂ ನಾರ್ಸಿಸಾ, ಇವತ್ತು ಕೇಳುತ್ತಾಳೆ, ಇವತ್ತು ಕೇಳುತ್ತಾಳೆ ಎಂದು ಎಲ್ವಿಯಾಳ ಮುಖವನ್ನೇ ನೋಡುತ್ತಿದ್ದಳು.

ಎಂಟನೇ ದಿನ ಕೇಳಿದಳು. ಇಬ್ಬರೇ ಇದ್ದರು, ಆಲೂಗಡ್ಡೆ ಹೆಚ್ಚುತ್ತಿದ್ದರು.

“ಕೊಮಾದ್ರೆ, ನಿಮ್ಮ ಟವರಿಗೂ ನಮ್ಮ ಟವರಿಗೂ ಒಂದೇ ವಾರ ಹೊಸ ಆಂಟೆನಾ ಹಾಕಿದ್ರು. ಅವತ್ತು ನಿಮ್ಮಲ್ಲಿ ಹೇಗೆ ಮೆಸೇಜು ಬಂತು?”

ಸುಳ್ಳೊಂದು ನಾರ್ಸಿಸಾಳ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಎಂಟು ದಿನದಿಂದ ಅದನ್ನು ಜೋಡಿಸಿಟ್ಟಿದ್ದಳು. ಎಲ್ವಿಯಾಳ ಕೆಂಪಾದ ಕಣ್ಣು ನೋಡಿ ಅದು ಹೊರಗೆ ಬರಲಿಲ್ಲ.

“ಆರು ಟವರಿಗೆ ಒಂದೇ ಸೆಟ್ ಬ್ಯಾಟರಿ ಇತ್ತು,” ಎಂದಳು. “ನಮ್ಮದಕ್ಕೆ ಇಡು ಅಂತ ನಾನು ಹೇಳಿದೆ. ಕಳವಾಗಿರಲಿಲ್ಲ ಅದು. ಒಲ್ಮೆದೊಗೆ ಹೇಳಬೇಡ ಅಂದಿದ್ದೂ ನಾನೇ.”

ಎಲ್ವಿಯಾ ಕೈಯಲ್ಲಿದ್ದ ಆಲೂಗಡ್ಡೆಯನ್ನು ಹೆಚ್ಚಿ ಮುಗಿಸಿದಳು. ಚೂರುಗಳನ್ನು ನೀರಿಗೆ ಹಾಕಿದಳು. ಚಾಕು ತೊಳೆದು ಇಟ್ಟಳು.

“ನಮ್ಮದಕ್ಕೆ ಇಡು ಅಂತ ನಾನೂ ಹೇಳ್ತಿದ್ದೆ,” ಎಂದಳು. “ಆದ್ರೆ ನಿನಗೊಂದು ಮಾತು ಹೇಳ್ತಿದ್ದೆ. ಫೋನು ನಂಬಬೇಡ ಕೊಮಾದ್ರೆ ಅಂತ. ಅಷ್ಟೇ ಸಾಕಿತ್ತು. ಅಪ್ಪ ಮೊದಲಿನ ಹಾಗೆ ಮೋಡ ನೋಡಿ ಗುಡ್ಡ ಹತ್ತಿರ್ತಿದ್ದ.”

ಆ ಮಧ್ಯಾಹ್ನವೇ ಅವರು ಹೊರಟುಹೋದರು, ಲಾತಾಕುಂಗಾದ ಶಾಲೆಯೊಂದರಲ್ಲಿ ನಿರಾಶ್ರಿತರಿಗೆ ಜಾಗ ಮಾಡಿದ್ದಲ್ಲಿಗೆ. ಒಲ್ಮೆದೊ ಎಫ್ರಾಯಿನನನ್ನು ದಾಟಿಕೊಂಡು ಹೋಗುವಾಗ ಒಂದು ಗಳಿಗೆ ನಿಂತ. ಹೊಡೆಯುತ್ತಾನೆಂದು ನಾರ್ಸಿಸಾ ಅಂದುಕೊಂಡಳು. ಹೊಡೆಯಲಿಲ್ಲ. ಮಗನ ಕೈ ಹಿಡಿದುಕೊಂಡು ನಡೆದ.

ಸಂಜೆಯ ಊಟಕ್ಕೆ ನಾಲ್ಕೇ ಬಟ್ಟಲು. ಎಫ್ರಾಯಿನ್ ಹೆಂಡತಿಯ ಮೇಲೆ ಎಗರಿಬಿದ್ದ. ಬಾಯಿ ಬಿಟ್ಟೆಯಲ್ಲ, ನಾಳೆ ಪೊಲೀಸರು ನನ್ನನ್ನು ಎಳೆದುಕೊಂಡು ಹೋದರೆ ಯಾರು ಬರುತ್ತಾರೆ, ಸಹಿ ನನ್ನದು, ವಾಸ್ಕೊನೆಸನದಲ್ಲ ಎಂದ. ಹೇಳದೆ ಇದ್ದಿದ್ದರೆ ಇನ್ನೂ ಎಷ್ಟು ದಿನ ಅವರಿಗೆ ಸಾರು ಬಡಿಸುತ್ತಿದ್ದೆವು ಎಂದು ಅವಳು ಕೇಳಿದಳು. ನೀನೇ ಅಲ್ಲವೇ ಇಡು ಅಂದವಳು ಎಂದ ಅವನು. ಹೌದು, ನಾನೇ, ನಿಮ್ಮಮ್ಮನಿಗೋಸ್ಕರ ಎಂದಳು.

ತಾರ್ಹೆಲಿಯಾಗೆ ಅಲ್ಲಿಯವರೆಗೆ ಇದಾವುದೂ ಗೊತ್ತಿರಲಿಲ್ಲ. ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ಲಿಯೋನಿದಾಸ್ ನನಗಿಂತ ಎರಡು ವರ್ಷ ಚಿಕ್ಕೋನು,” ಎಂದಳು. “ಇದಕ್ಕೆ ನನ್ನ ಹೆಸರು ಕಟ್ಟಬೇಡಿ.”

ಅನಾಹಿ ಮೆಲ್ಲಗೆ ಕೇಳಿದಳು: “ಇನ್ನು ನಾಲ್ಕು ಟವರಿದಾವಲ್ಲ ಅಪ್ಪ, ಅಲ್ಲಿರೋರು?”

ಆ ನಾಲ್ಕು ಊರುಗಳ ಮೇಲೂ ಅದೇ ಬೆಟ್ಟ. ಮಳೆಗಾಲ ಈಗಷ್ಟೇ ಶುರುವಾಗಿತ್ತು.

ಮರುದಿನ ಎಫ್ರಾಯಿನ್ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲಾತಾಕುಂಗಾದ ವಿಪತ್ತು ಕಚೇರಿಗೆ ಹೋದ. ನಾರ್ಸಿಸಾಳೂ ಹೋದಳು. ಮಗಳು ಬೇರೆ ತೆಗೆದಿಟ್ಟಿದ್ದ ಆರು ಫೋಟೋಗಳನ್ನು ಗುಮಾಸ್ತೆಯೊಬ್ಬಳು ಹಿಗ್ಗಿಸಿ ಹಿಗ್ಗಿಸಿ ನೋಡಿ, ಹೇಳಿಕೆ ಬರೆದುಕೊಂಡು ಅವನ ಸಹಿ ಹಾಕಿಸಿದಳು. ಕಂಪನಿಗೆ ಪತ್ರ ಹೋಗುತ್ತದೆ, ಉತ್ತರ ಕೊಡಲು ಅವರಿಗೆ ಹದಿನೈದು ದಿನ ಸಮಯವಿದೆ ಎಂದಳು. ಅಲ್ಲಿಯವರೆಗೆ ಆ ಊರಿನವರಿಗೆ ಯಾರು ಹೇಳುತ್ತಾರೆ ಎಂದು ನಾರ್ಸಿಸಾ ಕೇಳಿದ್ದಕ್ಕೆ, ಖಚಿತವಾಗದೆ ಜನರನ್ನು ಹೆದರಿಸುವ ಹಾಗಿಲ್ಲ ಎಂದಳು. ಅವರು ಬಸ್ಸು ಹತ್ತುವ ಮೊದಲೇ ಗುತ್ತಿಗೆದಾರನ ಮೆಸೇಜು ಬಂತು. ಪಿಕಪ್ಪಿನ ಕೀಲಿ ತಂದುಕೊಡು, ನಾಳೆಯಿಂದ ಬರುವುದು ಬೇಡ. ಪೊಲೀಸರಿಂದ ಏನು ಬರುತ್ತದೋ ಯಾವಾಗ ಬರುತ್ತದೋ ಯಾರಿಗೂ ತಿಳಿಯದು.

ಭಾನುವಾರ ಬೆಳಗ್ಗೆ ನಾರ್ಸಿಸಾ ಹಾಲಿನ ಲಾರಿ ಹತ್ತಿ ರುಮಿಪಂಬಾಕ್ಕೆ ಹೊರಟಳು. ಆ ನಾಲ್ಕರಲ್ಲಿ ಕಮರಿಗೆ ತೀರ ಹತ್ತಿರದ ಊರು ಅದು. ಎಫ್ರಾಯಿನ್ ಬೇಡವೆಂದು ಬಾಗಿಲವರೆಗೂ ವಾದ ಮಾಡಿದ. ಪುಕಾವಾಯ್ಕುವಿನ ಸುದ್ದಿ ಅಲ್ಲಿಗೂ ಮುಟ್ಟಿರುತ್ತದೆ, ಕಲ್ಲು ತೂರುತ್ತಾರೆ ಎಂದ. ಆಮೇಲೆ ಲಾರಿಯ ಹಿಂದೆ ಓಡಿ ಬಂದು ಹತ್ತಿ, ಕ್ಯಾನುಗಳ ನಡುವೆ ಕೂತ. ಬೆಟ್ಟದ ನೆತ್ತಿಯಲ್ಲಿ ಮೋಡ ಕೂತಿತ್ತು.

ಪೂಜೆ ಮುಗಿಸಿ ಜನ ಇಗರ್ಜಿಯಿಂದ ಹೊರಗೆ ಬರುತ್ತಿದ್ದರು. ಮೆಟ್ಟಿಲ ಕೆಳಗೆ ನಿಂತು ನಾರ್ಸಿಸಾ ಮಾತು ಶುರುಮಾಡಿದಳು. ನಿಮ್ಮ ಟವರಿನಲ್ಲಿ ಹೊಸ ಬ್ಯಾಟರಿ ಇಲ್ಲ, ಕರೆಂಟು ಹೋದ ಹತ್ತು ನಿಮಿಷಕ್ಕೆ ನಿಮ್ಮ ಫೋನು ಸಾಯುತ್ತದೆ, ಮೆಸೇಜಿಗೆ ಕಾಯಬೇಡಿ, ಮೇಲೆ ಮೋಡ ಕಪ್ಪಾದರೆ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಹತ್ತಿಬಿಡಿ. ಒಬ್ಬ ಗಂಡಸು ನಕ್ಕ. ಆ ನಗುವಿಗೆ ಯಾರೂ ಜೊತೆಗೂಡಲಿಲ್ಲ. ಹಲವರು ಜೇಬಿನಿಂದ ಫೋನು ತೆಗೆದು ನೋಡಿಕೊಂಡರು. ಕರಿ ಶಾಲು ಹೊದ್ದ ಮುದುಕಿಯೊಬ್ಬಳು ಮೆಟ್ಟಿಲಿಳಿದು ಅವಳ ಎದುರಿಗೇ ಬಂದು ನಿಂತಳು.

“ನಿನಗೆ ಹೇಗೆ ಗೊತ್ತು ಇದೆಲ್ಲ? ನೀನ್ಯಾರಮ್ಮ?”

ನಾರ್ಸಿಸಾ ಮುದುಕಿಯ ಕಣ್ಣನ್ನೇ ನೋಡಿದಳು.

“ಯಾನಾಯಾಕುವಿನ ನಾರ್ಸಿಸಾ ತಿಪಾನ್,” ಎಂದಳು. “ಬ್ಯಾಟರಿ ಇದೆ ಅಂತ ಸುಳ್ಳು ಸಹಿ ಹಾಕಿದ್ದು ನನ್ನ ಗಂಡ. ಅಲ್ಲಿ ರಸ್ತೆ ಪಕ್ಕ ನಿಂತಿದ್ದಾನಲ್ಲ, ಅವನೇ. ಗೊತ್ತಿದ್ದೂ ಸುಮ್ಮನಿದ್ದೋಳು ನಾನು.”

ಅಷ್ಟೂ ಜನ ರಸ್ತೆಯ ಕಡೆ ತಿರುಗಿದರು. ಹಾಲಿನ ಲಾರಿ ಹೊರಟುಹೋಗಿತ್ತು. ಎಫ್ರಾಯಿನ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವರು ತನ್ನತ್ತ ನಡೆದು ಬರುತ್ತಿರುವುದನ್ನು ನೋಡುತ್ತ ನಿಂತೇ ಇದ್ದ.